ಕೆನ್ಮೋರಿನ ಅಪ್ರದಕ್ಷಿಣೆ

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯಲು ಪ್ರಯತ್ನಿಸುತ್ತೇನೆ. ಹಿಂದೆ ಎರಡು ಸಲ ಬರೆಯಲು ಕೂತು, ಆ ಸದ್ದಿನ ಹತ್ತಿರ ಬಂದಾಗ ನಿಲ್ಲಿಸಿದ್ದೆ.

2014ರ ಅಕ್ಟೋಬರ್. ಆಗ ನಾವು ಅಮೆರಿಕದ ಕೆಂಟ್ ಎಂಬ ಊರಿನಲ್ಲಿದ್ದೆವು. ನನ್ನ ಗಂಡ ಅಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಎಂಜಿನಿಯರ್. ವಾಲ್ಟ್ಜ್ ಕುಣಿತ ಕಲಿಯುವ ಹುಚ್ಚು ನನ್ನದು. ಭಾನುವಾರ ಮಧ್ಯಾಹ್ನ ಅವರನ್ನು ಹೊರಡಿಸಿಕೊಂಡು ಕೆನ್ಮೋರಿಗೆ ಹೋಗುತ್ತಿದ್ದೆ. ಸರೋವರದ ಹತ್ತಿರ ಹಳೆಯದೊಂದು ಹಾಲ್, ಮರದ ನೆಲ. ನೀರಿನಿಂದ ಮೇಲೇಳುವ ಪುಟ್ಟ ವಿಮಾನಗಳ ಸದ್ದಿಗೆ ಕಿಟಕಿಯ ಗಾಜು ಅದುರುತ್ತಿತ್ತು.

ಗಂಡ ಧಾರವಾಡದಲ್ಲಿ ತಬಲಾ ಕಲಿತವರು. ಮೂರರ ಎಣಿಕೆ ಅವರಿಗೆ ಕಷ್ಟವಾಗಲಿಲ್ಲ. ಟೀಚರ್ "ಒನ್ ಟೂ ತ್ರೀ" ಅಂದರೆ ಇವರು ಬಾಯೊಳಗೆ "ಧಾ ಧಿಂ ನಾ, ಧಾ ತಿಂ ನಾ" ಅನ್ನುತ್ತಿದ್ದರು. ಕಷ್ಟವಾಗಿದ್ದು ಕಾಲು. ಕಣ್ಣು ಯಾವಾಗಲೂ ತಮ್ಮ ಬೂಟಿನ ಮೇಲೆ.

ಟೀಚರ್ ಎಪ್ಪತ್ತು ದಾಟಿದ ಹೆಂಗಸು. ಪಾಠ ಮುಗಿದು ನಾವು ಶೂ ಬದಲಾಯಿಸುವಾಗ ವಾಲ್ಟ್ಜಿನ ಹಳೆಯ ಕಥೆ ಹೇಳುತ್ತಿದ್ದರು. ಆಸ್ಟ್ರಿಯಾ, ಜರ್ಮನಿಯ ಹಳ್ಳಿಗಳಲ್ಲಿ ರೈತರು ಜೋಡಿಜೋಡಿಯಾಗಿ ಗಿರಗಿರ ಸುತ್ತುತ್ತಿದ್ದ ಕುಣಿತ ಇದು. ಅರಮನೆಯವರು ಅದುವರೆಗೆ ಸಾಲಾಗಿ ನಿಂತು, ಬೆರಳ ತುದಿ ಮಾತ್ರ ಮುಟ್ಟಿ ಕುಣಿಯುತ್ತಿದ್ದವರು. ವಾಲ್ಟ್ಜ್ ವಿಯೆನ್ನಾದ ದೊಡ್ಡಮನೆಗಳನ್ನು ಹೊಕ್ಕಾಗ, ಗಂಡಸು ಹೆಂಗಸಿನ ಸೊಂಟ ಹಿಡಿದು ತಿರುಗುವುದೇ ಎಂದು ಹಿರಿಯರು ಮುಖ ತಿರುಗಿಸಿದರಂತೆ. "ಸಾಲು ಮುರಿದ ಮೇಲೆ ಜೋಡಿಗಳು ಡಿಕ್ಕಿ ಹೊಡೆಯಬಾರದಲ್ಲ? ಅದಕ್ಕೇ ಒಂದು ನಿಯಮ. ಎಲ್ಲರೂ ಒಂದೇ ದಿಕ್ಕಿನಲ್ಲಿ ಸುತ್ತಬೇಕು, ಹಾಲಿನ ನಡುಭಾಗ ನಡೆಸುವ ಗಂಡಸಿನ ಎಡಗೈಗೆ ಇರಬೇಕು," ಎಂದಿದ್ದರು.

ಹೇಳಿದ್ದರು. ನಾನು ಕೇಳಿದ್ದೆ. ಇದನ್ನು ಸ್ಪಷ್ಟವಾಗಿ ಬರೆಯಬೇಕು.

ಆ ಭಾನುವಾರ ಪಾಠವಿರಲಿಲ್ಲ. ಹಾಲಿನ ಹಳಬರಾದ ಒಂದು ಜೋಡಿಗೆ ಮದುವೆಯಾಗಿ ಅರವತ್ತು ವರ್ಷ. ಎಲ್ಲರೂ ಕುಣಿಯುವುದು, ಆಮೇಲೆ ಕೇಕು. ಅಜ್ಜ ತೆಳ್ಳಗೆ, ಎತ್ತರ. ಬಲ ಮೊಣಕಾಲಿಗೆ ಆಪರೇಷನ್ ಆಗಿತ್ತು. ಅಜ್ಜಿ ಅವರ ಎದೆಯ ಮಟ್ಟಕ್ಕೆ ಬರುತ್ತಿದ್ದರು. ಗಂಡನ ತೋಳಿನ ಮೇಲೆ ಭಾರ ಹಾಕದೆ ಕೈ ಇಡುವುದು ಹೇಗೆಂದು ನನಗೆ ತೋರಿಸಿಕೊಟ್ಟವರು ಆ ಅಜ್ಜಿಯೇ.

ಹಾಲಿನ ನಟ್ಟನಡುವೆ ದುಂಡು ಮೇಜು, ಅದರ ಮೇಲೆ ಆಳೆತ್ತರಕ್ಕೆ ಬಿಳಿ ಹೂವಿನ ಅಲಂಕಾರ. ಎರಡನೇ ಹಾಡಿಗೆ ನಾವು ಇಳಿದೆವು. ಗಂಡ ಸರಿಯಾಗಿಯೇ ನಿಂತಿದ್ದರು; ಹೂವು ಅವರ ಎಡಕ್ಕಿತ್ತು. ನೋಡಿದೊಡನೆ ನನಗೆ ಇರುಸುಮುರುಸಾಯಿತು. ನಮ್ಮಲ್ಲಿ ಎಡಕ್ಕೆ ಸುತ್ತುವುದು ಸತ್ತವರ ಕರ್ಮದಲ್ಲಿ ಮಾತ್ರ.

"ಏನ್ರೀ, ಮದುವಿ ದಿನಾನೂ ಅಪ್ರದಕ್ಷಿಣಿ ಹಾಕಾಕ ಹೊಂಟೀರೇನು? ಬಲಕ್ಕ ತಿರುಗ್ರಿ," ಅಂದೆ. ಅರ್ಧ ತಮಾಷೆಗೆ.

ಅವರು ನಕ್ಕರು. "ಆತ್ ನಮ್ಮವ್ವಾ. ನಿನಗ ಹೂವಿನ ಮೇಜೂ ದೇವರ. ಹಾಕೂಣು ನಡಿ."

ಹೂವು ಬಲಕ್ಕೆ ಬರುವಂತೆ ತಿರುಗಿದರು. ನಾನು ಹಿಮ್ಮುಖವಾಗಿ ಹೆಜ್ಜೆ ಇಟ್ಟೆ. ವಾಲ್ಟ್ಜಿನಲ್ಲಿ ಹೆಂಗಸು ಬಹಳಷ್ಟು ಹೊತ್ತು ಹಿಂದಕ್ಕೇ ನಡೆಯುತ್ತಾಳೆ. ಮುಂದಿರುವುದನ್ನು ನೋಡಬೇಕಾದವನು ಗಂಡಸು. ನನ್ನ ಗಂಡ ಬೂಟು ನೋಡುತ್ತಿದ್ದರು. ಹೂವಿನ ಆಚೆಯಿಂದ ಅಜ್ಜ ಬರುತ್ತಿದ್ದರು. ಅವರು ಹೆಂಡತಿಯ ಮುಖ ನೋಡುತ್ತಿದ್ದರು. ಅಜ್ಜಿಯೂ ನನ್ನ ಹಾಗೆಯೇ ಹಿಮ್ಮುಖ. ಏಳನೆಯದೋ ಎಂಟನೆಯದೋ ಹೆಜ್ಜೆಗೆ ನನ್ನ ಬೆನ್ನಿಗೆ ಒಂದು ಬೆನ್ನು ತಾಗಿತು. ಜೋರಾಗೇನೂ ಅಲ್ಲ. ಬಸ್ಸಿನಲ್ಲಿ ತಾಗುವಷ್ಟು.

ಆಮೇಲೆ ಆ ಸದ್ದು. ಮರಕ್ಕೆ ತಲೆ ಬಡಿದದ್ದು.

ಟೀಚರ್ ಹಾಡು ಹಚ್ಚುವ ಮೆಷಿನ್ ಮೇಲೆ ಬಗ್ಗಿದ್ದರು, ಅವರಿಗೆ ಕಾಣಲಿಲ್ಲ. ಉಳಿದ ಜೋಡಿಗಳು ಹೂವಿನ ಆ ಕಡೆ. ನೆಲದ ಮೇಲೆ ಅಜ್ಜಿಯ ಕಣ್ಣು ಅರ್ಧ ತೆರೆದಿತ್ತು, ಯಾರನ್ನೂ ನೋಡುತ್ತಿರಲಿಲ್ಲ. ಅಜ್ಜ ಪಕ್ಕದಲ್ಲಿ ಕುಸಿದು ಕೂತು ತಮ್ಮ ಬಲ ಮೊಣಕಾಲನ್ನು ಗುದ್ದಿಕೊಳ್ಳುತ್ತಿದ್ದರು. "ನನ್ನ ಕಾಲು. ಕಾಲು ಕೈಕೊಟ್ಟಿತು. ನಾನೇ ಬೀಳಿಸಿದೆ. ಇನ್ನು ಕುಣಿಯಬೇಡ, ಅಮ್ಮನನ್ನ ಕೆಡವ್ತೀಯ ಅಂತ ಮಗ ಹೇಳಿದ್ದ." ಆಂಬುಲೆನ್ಸ್ ಬರುವವರೆಗೆ ಇದನ್ನೇ ಹೇಳಿದರು. ನಾನು ಎರಡು ಅಡಿ ದೂರದಲ್ಲಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ.

ಆಂಬುಲೆನ್ಸ್ ಹೋದ ಮೇಲೆ ನಾವು ಕಾರಿನಲ್ಲಿ ಕೂತೆವು.

"ಆಸ್ಪತ್ರಿಗೆ ಹೋಗೂಣು. ಹೇಳಬೇಕು," ಅಂದೆ.

"ಏನಂತ ಹೇಳ್ತಿ? ಇಲ್ಲೆ ಮಂದಿ ಸಣ್ಣದಕ್ಕೂ ಕೇಸ್ ಹಾಕ್ತಾರ. ಗ್ರೀನ್ ಕಾರ್ಡ್ ಇನ್ನೂ ಕೈಗೆ ಬಂದಿಲ್ಲ. ಅವರ ಬಾಯಿಲೆ ಅವರ ಅಂದಾರಲ್ಲ, ನನ್ನ ಕಾಲು ಅಂತ?"

"ಅವರಿಗೆ ಗೊತ್ತಿಲ್ಲ, ಅದಕ್ಕ ಅಂದಾರ."

"ನಮಗರ ಏನ್ ಗೊತ್ತಿತ್ತು?"

"ನನಗ ಗೊತ್ತಿತ್ತು. ಬಲಕ್ಕ ತಿರುಗ್ರಿ ಅಂದಾಕಿ ನಾನು."

ಅವರು ಗಾಡಿ ಸ್ಟಾರ್ಟ್ ಮಾಡಿ ಆಸ್ಪತ್ರೆಯ ದಾರಿ ಹಿಡಿದರು. ಅವರೂ ಹೆದರಿದ್ದರು; ಸಿಗ್ನಲ್ ಹಸಿರಾದರೂ ಹಿಂದಿನವರು ಹಾರ್ನ್ ಮಾಡುವವರೆಗೆ ಕದಲಲಿಲ್ಲ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಕೋರ್ಟು, ಕಾಗದ, ವಾಪಸು ಕಳಿಸಿದರೆ ಮನೆಯವರಿಗೆ ಏನು ಹೇಳುವುದು. ನಿಜ ಹೇಳುತ್ತೇನೆ, ಅಜ್ಜಿಗಿಂತ ಹೆಚ್ಚಾಗಿ ಇದನ್ನೇ ಯೋಚಿಸಿದೆ.

ಕಾಯುವ ಕೋಣೆಯಲ್ಲಿ ಅಜ್ಜ ಒಬ್ಬರೇ ಇದ್ದರು. ಕೋಟಿಗೆ ಇನ್ನೂ ಬಿಳಿ ಹೂವು ಸಿಕ್ಕಿಸಿತ್ತು. ತಲೆಯೊಳಗೆ ರಕ್ತ ಸೋರಿದೆ, ಸ್ಕ್ಯಾನ್ ಮಾಡುತ್ತಿದ್ದಾರೆ ಎಂದರು. "ನೀವು ಬಂದದ್ದು ದೊಡ್ಡ ಉಪಕಾರ," ಎಂದು ನನ್ನ ಕೈ ಹಿಡಿದುಕೊಂಡರು. ಆ ಕೈಯನ್ನು ಬಿಡಿಸಿಕೊಂಡು ಹೇಳಿದೆ. ನಾವು ಎದುರು ದಿಕ್ಕಿನಿಂದ ಬಂದೆವು. ಹಾಗೆ ತಿರುಗಲು ಹೇಳಿದ್ದು ನಾನು. ನಮ್ಮ ಊರಲ್ಲಿ ದೇವರನ್ನು ಬಲಕ್ಕೆ ಇಟ್ಟುಕೊಂಡು ಸುತ್ತುತ್ತಾರೆ; ಅದನ್ನೇ ಇಲ್ಲಿ ಮಾಡಿದೆವು. ನನ್ನ ಬೆನ್ನು ಆಕೆಗೆ ತಾಗಿದ ಮೇಲೆ ಆಕೆ ಬಿದ್ದರು.

ಅವರು ನನ್ನನ್ನೇ ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ತಾಗಿದ್ದು ಮೊದಲೋ? ನನ್ನ ಕಾಲು ಮಡಚಿದ್ದು ಮೊದಲೋ?"

"ತಾಗಿದ್ದು ಮೊದಲು."

"ಖಂಡಿತ?"

"ಖಂಡಿತ."

ಅವರು ಕುರ್ಚಿಯ ತೋಳು ಹಿಡಿದು ಎದ್ದರು. ಬಲಗಾಲನ್ನು ಊರಿ, ದೇಹದ ಭಾರವನ್ನೆಲ್ಲ ಅದರ ಮೇಲೆ ಹಾಕಿ, ಹಾಗೇ ನಿಂತರು. ಕಾಲು ಮಡಚಲಿಲ್ಲ. ಬಳಿಕ, ನನ್ನ ಕಡೆ ನೋಡದೆ, "ನನ್ನ ಮಗ ದಾರಿಯಲ್ಲಿದ್ದಾನೆ. ಅವನಿಗೂ ನೀವೇ ಹೇಳಬೇಕು. ನಾನು ಹೇಳಿದರೆ ನಂಬುವುದಿಲ್ಲ," ಎಂದರು.

ನಾವು ಕಾಯ್ದೆವು. ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ನಾನು ಅತ್ತ ತಿರುಗಿ ನೋಡುತ್ತಿದ್ದೆ. ಗಂಡ ಒಮ್ಮೆ ಕಾರಿನ ಕೀಲಿ ಹೊರತೆಗೆದು ಮತ್ತೆ ಜೇಬಿಗೆ ಹಾಕಿಕೊಂಡರು. ನಾಲ್ಕನೇ ಸಲ ಬಾಗಿಲು ತೆರೆದಾಗ ಅಜ್ಜನಷ್ಟೇ ಎತ್ತರದ ಗಂಡಸೊಬ್ಬರು ಬಿರುಸಾಗಿ ಬಂದು, ತಂದೆಯ ಮುಖ ನೋಡುವುದಕ್ಕೂ ಮೊದಲು ಅವರ ಮೊಣಕಾಲು ನೋಡಿದರು.

ನಾನು ಎದ್ದು ನಿಂತು, ಹೂವಿನ ಮೇಜು ಎಲ್ಲಿತ್ತು ಎಂಬಲ್ಲಿಂದ ಶುರುಮಾಡಿದೆ.