ಅತ್ತೆಯ ಮಡಿಲಲ್ಲಿ ಒಂದು ಚೆಂಬು ನೀರು

ಅರವತ್ತರ ದಶಕದ ಆರಂಭದಲ್ಲಿ ನಾನು ಮದುವೆಯಾಗಿ ಕಾಪುವಿಗೆ ಬಂದಾಗ ನನ್ನ ಗಂಡನ ಬಳಿ ಒಂದು ಹಳೆಯ ಕಾರು ಇತ್ತು. ಸ್ಟೇರಿಂಗನ್ನು ಕಾಲು ಸುತ್ತು ತಿರುಗಿಸಿದ ಮೇಲೆಯೇ ಅದರ ಚಕ್ರಗಳಿಗೆ ಸುದ್ದಿ ಮುಟ್ಟುತ್ತಿತ್ತು. ಹಾಗಾಗಿ ಇವರು ನೇರ ರಸ್ತೆಯಲ್ಲೂ ಮಜ್ಜಿಗೆ ಕಡೆಯುವವರ ಹಾಗೆ ಅತ್ತ ಇತ್ತ ತಿರುಗಿಸುತ್ತಲೇ ಇರುತ್ತಿದ್ದರು. ಕಾರು ಹೆಚ್ಚುಕಡಿಮೆ ನೇರವಾಗಿ ಹೋಗುತ್ತಿತ್ತು. ಆ ಹೆಚ್ಚುಕಡಿಮೆಯಲ್ಲಿ ಒಮ್ಮೆ ಯಾರದೋ ಗದ್ದೆಯೂ ಸೇರಿತ್ತು.

ಏಳು ತಿಂಗಳಾಗಿ ಬಯಕೆಯ ಊಟ ಮುಗಿದ ಮೇಲೆ ಚೊಚ್ಚಲ ಹೆರಿಗೆಗೆ ನಾನು ಕಾರ್ಕಳದ ತವರಿಗೆ ಹೋಗಬೇಕಿತ್ತು. ಅತ್ತೆ ಜೊತೆಗೆ ಬಂದು ಬಿಟ್ಟು ಹೋಗುವುದೆಂದು ಮಾತಾಗಿತ್ತು. ಆದರೆ ಬಸ್ಸಿನ ಕುಲುಕಾಟ ಬೇಡ, ಈ ಕಾರಂತೂ ಬೇಡವೇ ಬೇಡ, ಬಾಣಂತನ ಇಲ್ಲೇ ಆಗಲಿ ಎಂದುಬಿಟ್ಟರು. ಅತ್ತೆ ಕೆಟ್ಟವರಲ್ಲ. ಆದರೂ ಹೆರುವಾಗ ನನಗೆ ಬೇಕಾದದ್ದು ನನ್ನ ಅಮ್ಮ. ಎರಡು ದಿನ ನಾನು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಮೂರನೆಯ ದಿನ ಇವರು ಮಂಗಳೂರಿಗೆ ಹೋಗಿ, ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಸರಳಿನ ತುದಿಗೆ ಹಾಕುವ ಹೊಸ ಕೀಲುಗಳನ್ನು ತಂದರು. ಅಂಗಳದಲ್ಲಿ ಕಾರಿನ ಮೂತಿಯನ್ನು ಜಾಕಿನಿಂದ ಎತ್ತಿ, ಮರದ ದಿಮ್ಮಿಗಳ ಮೇಲೆ ಕೂರಿಸಿ, ಚಾಪೆ ಹಾಸಿಕೊಂಡು ಅಡಿಗೆ ನುಸುಳಿದರು. ಹಳೆಯದನ್ನು ಎಷ್ಟು ಸುತ್ತು ಬಿಚ್ಚುತ್ತೇವೋ ಅಷ್ಟೇ ಸುತ್ತು ಹೊಸದನ್ನು ತಿರುಗಿಸಬೇಕಂತೆ, ಇಲ್ಲವಾದರೆ ಎರಡು ಚಕ್ರ ಎರಡು ಊರಿಗೆ ಹೊರಡುತ್ತವಂತೆ. ಶಾಲೆಯಲ್ಲಿ ಲೆಕ್ಕ ಕಲಿಸುವ ಇವರು ಎರಡು ಸಲ ಎಣಿಕೆ ತಪ್ಪಿದರು. ಜಗಲಿಯಲ್ಲಿ ಕೂತು ಸರಿಯಾಗಿ ಎಣಿಸಿದವಳು ನಾನು.

ಕಾರನ್ನು ಕೆಳಗಿಳಿಸಿದ ಮೇಲೆ ಇವರು ಹೊರಗೆ ನಿಂತು ಚಕ್ರ ನೋಡುತ್ತಾ, ನನ್ನನ್ನು ಒಳಗೆ ಕೂರಿಸಿ ಸ್ಟೇರಿಂಗ್ ತಿರುಗಿಸಲು ಹೇಳಿದರು. ಅದಕ್ಕೂ ನನ್ನ ಹೊಟ್ಟೆಗೂ ನಡುವೆ ಜಾಗವೇ ಇರಲಿಲ್ಲ. ಒಂದು ಬೆರಳಷ್ಟು ತಿರುಗಿಸಿದರೂ ಚಕ್ರ ಮಿಸುಕಿತು.

ಅತ್ತೆ ಒಂದು ಪರೀಕ್ಷೆ ಇಟ್ಟರು. ಕಡಲ ಬದಿಯ ರಸ್ತೆಯಲ್ಲಿ ಎರ್ಮಾಳಿಗೆ ಹೋಗಿ ಬರಬೇಕು. ನಾನು ಮುಂದೆ ಇವರ ಪಕ್ಕ, ತುಂಬಿದ ಚೆಂಬನ್ನು ಮಡಿಲಲ್ಲಿ ಹಿಡಿದು ಅವರು ಹಿಂದೆ ಕೂರುತ್ತಾರೆ. ನೀರು ಚೆಲ್ಲಿದರೆ ತವರಿನ ಮಾತು ಎತ್ತಬಾರದು.

ಮೂಳೂರು ದಾಟುವುದರೊಳಗೆ ಅವರ ಸೀರೆ ಒದ್ದೆಯಾಗಿತ್ತು. ಕಾರು ಈಗ ಹೇಳಿದ ಮಾತು ಕೇಳುತ್ತಿತ್ತು, ಇವರ ಕೈಗೆ ಮಾತ್ರ ಅದು ಗೊತ್ತಿರಲಿಲ್ಲ. ಹಳೆಯ ಅಭ್ಯಾಸದಲ್ಲಿ ತಿರುಗಿಸಿದ್ದೇ ತಿರುಗಿಸಿದ್ದು, ಕಾರು ಕೇರೆ ಹಾವಿನ ಹಾಗೆ ಹರಿಯಿತು. ರಸ್ತೆ ಸರಿ ಇಲ್ಲ ಎಂದರು ಇವರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಬರುವ ದಾರಿಯ ಪರೀಕ್ಷೆ ಇನ್ನೂ ಉಂಟು ಎಂದು ಎರ್ಮಾಳಿನಲ್ಲಿ ಅತ್ತೆ ಒಂದು ಮನೆಯ ಬಾವಿಯಿಂದ ಚೆಂಬನ್ನು ಮತ್ತೆ ತುಂಬಿಸಿಕೊಂಡರು. ಆದರೂ ಬಾಣಂತನದ ಎಣ್ಣೆಗೆ ಇವತ್ತೇ ಹೇಳಿಡಬೇಕು ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದರು. ನನಗೆ ಅಳು ಬಂತು.

ಹಿಂದಿರುಗುವಾಗ ಕೈ ಆಡಿಸಬೇಡಿ ಎಂದು ಇವರಿಗೆ ಎರಡು ಸಲ ಪಿಸುಗುಟ್ಟಿದೆ. ಆಗಲಿಲ್ಲ. ಆಗೆಲ್ಲ ಅತ್ತೆಯ ಎದುರು ಗಂಡನ ಪಕ್ಕ ಕೂರುವುದೇ ದೊಡ್ಡ ಸಂಗತಿ, ಮುಟ್ಟುವುದಂತೂ ಊಹಿಸಲಾಗದ್ದು. ಆದರೆ ಅಮ್ಮನ ಮುಖ ಕಣ್ಣಿಗೆ ಕಟ್ಟಿತು. ನಾನು ಕೈ ಚಾಚಿ ಸ್ಟೇರಿಂಗಿನ ಮೇಲಿದ್ದ ಇವರ ಕೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದೆ.

"ಸುಮ್ಮನೆ ಹಿಡ್ಕೊಳ್ಳಿ," ಎಂದೆ. "ಅದು ತಾನಾಗಿ ಹೋಗ್ತದೆ."

ಕಾರು ನೇರವಾಯಿತು. ನನಗೆ ಕಿವಿಯವರೆಗೆ ನಾಚಿಕೆ. ಆದರೂ ಕಾಪು ಬರುವವರೆಗೆ ಕೈ ತೆಗೆಯಲಿಲ್ಲ. ಒಮ್ಮೆ ಧೈರ್ಯ ಮಾಡಿ ತಿರುಗಿ ನೋಡಿದೆ. ಸಮುದ್ರದ ದಂಡೆಯಲ್ಲೇ ಹುಟ್ಟಿ ಬೆಳೆದ ಅತ್ತೆ, ತೆಂಗಿನ ಮರಗಳ ಸಂದಿಯಲ್ಲಿ ಕಾಣುತ್ತಿದ್ದ ಅದೇ ಸಮುದ್ರವನ್ನು ಹೊಸದಾಗಿ ಕಂಡವರ ಹಾಗೆ ನೋಡುತ್ತಿದ್ದರು.

ಅಂಗಳದಲ್ಲಿ ಇಳಿದು ಅತ್ತೆ, ಒಂದು ಹನಿಯೂ ಚೆಲ್ಲದ ಚೆಂಬಿನ ನೀರನ್ನು ಮಲ್ಲಿಗೆ ಗಿಡದ ಬುಡಕ್ಕೆ ಸುರಿದರು. ಆಮೇಲೆ ನಮ್ಮ ಮುಖ ನೋಡದೆ ಹೇಳಿದರು:

"ನಾಳೆ ನೀವಿಬ್ಬರೇ ಹೊರಡಿ. ನಾನು ಬರುವುದಿಲ್ಲ. ಕಾರ್ಕಳದ ದಾರಿಯಲ್ಲಿ ನನಗೆ ನೋಡಲಿಕ್ಕೆ ಸಮುದ್ರ ಎಲ್ಲಿ ಉಂಟು?"