ಏರಿನಲ್ಲಿ ನಿಂತ ವೈಪರ್

ಕಾರುಗಳೇ ಅಪರೂಪವಾಗಿದ್ದ ಕಾಲದಲ್ಲಿ, ಜಯಸಿಂಗಪುರದ ಬೆಲ್ಲದ ವ್ಯಾಪಾರದ ಸಾಹುಕಾರರು ಮೊದಲ ಸಲ ಕಾರು ಕೊಳ್ಳಲು ಕೊಲ್ಹಾಪುರಕ್ಕೆ ಹೊರಟಾಗ, ಅವರ ಲಾರಿ ಓಡಿಸುತ್ತಿದ್ದ ನನ್ನನ್ನೂ ಕರೆದೊಯ್ದರು. ಅಂಗಡಿಯಲ್ಲಿ ಎರಡು ಕಾರುಗಳಿದ್ದವು. ಒಂದು ಸಾದಾ. ಇನ್ನೊಂದಕ್ಕೆ ಗಡಿಯಾರ, ಮೆತ್ತನೆಯ ಸೀಟು, ತಾನೇ ಗಾಜು ಒರೆಸುವ ವೈಪರ್. ಸಾಹುಕಾರರ ಮನಸ್ಸು ಎರಡನೆಯದರ ಮೇಲೆ ಹೋಯಿತು. ಓಡಿಸಿ ನೋಡಲು ಅಂಗಡಿಯವನನ್ನೂ ಕೂರಿಸಿಕೊಂಡು ಗಡಹಿಂಗ್ಲಜದ ದಾರಿ ಹಿಡಿದೆವು.

ಘಾಟಿನ ಏರಿನಲ್ಲಿ ಮಳೆ ಜೋರಾಯಿತು. ನಾನು ಆಕ್ಸಿಲರೇಟರ್ ಒತ್ತಿದೆ, ವೈಪರ್ ನಿಂತುಬಿಟ್ಟಿತು. ಗಾಜಿನಾಚೆ ಏನೂ ಕಾಣದು. ಎಡಕ್ಕೆ ಕಂದರ, ಎದುರಿನಿಂದ ಇಳಿದು ಬರುವ ಬಸ್ಸಿನ ಹಾರ್ನ್.

“ಇದ್ಯಾಕ ನಿಂತತ್ರಿ?” ಅಂದೆ.

“ಏರಿನ್ಯಾಗ ಹಂಗ ಆಗತೈತ್ರಿ. ಎಂಜಿನ್ ಗಾಳಿ ಎಳಕೊಳ್ಳೋ ಜೋರಿನ ಮ್ಯಾಲ ಅದು ತಿರಗೋದು, ಆಕ್ಸಿಲರೇಟರ್ ಒತ್ತಿದ್ರ ಆ ಜೋರು ಕಡಿಮಿ ಆಗತೈತಿ. ಕಾಲ ತೆಗೀರಿ, ತಿರಗತೈತಿ,” ಎಂದ ಅಂಗಡಿಯವನು.

ಕಾಲು ತೆಗೆದೆ. ವೈಪರ್ ತಿರುಗಿತು, ಆದರೆ ಕಾರು ಹಿಂದಕ್ಕೆ ಜಾರತೊಡಗಿತು. ಬ್ರೇಕ್ ಒತ್ತಿದರೂ ಕೆಸರಿನಲ್ಲಿ ಗಾಲಿ ನಿಲ್ಲಲಿಲ್ಲ. ಮತ್ತೆ ಆಕ್ಸಿಲರೇಟರ್ ಒತ್ತಿದೆ, ಮತ್ತೆ ಕುರುಡಾದೆ. ಪಕ್ಕದಲ್ಲಿದ್ದ ಸಾಹುಕಾರರು ರುಮಾಲು ಬಿಚ್ಚಿ, ಅರ್ಧ ಮೈ ಹೊರಗೆ ಚಾಚಿ ತಮ್ಮ ಕಡೆಯ ಗಾಜು ಒರೆಸಿದರು. ಅತ್ತ ಬಗ್ಗಿ ನೋಡಿದರೆ ಬಸ್ಸು ಮೈಮೇಲೇ ಬಂದಿತ್ತು. ಕಂದರದ ಅಂಚಿಗೆ ಸ್ಟೇರಿಂಗ್ ಎಳೆದೆ. ಬಸ್ಸು ಸವರಿಕೊಂಡು ಹೋಯಿತು.

ಏರು ಹತ್ತಿ ಮೇಲೆ ಹೋಗಿ ಕಾರು ನಿಲ್ಲಿಸಿದೆ. ಸಾಹುಕಾರರು ಅಂಗಡಿಯವನನ್ನು ಮೆಲ್ಲಗೆ ಕೇಳಿದರು, “ಸಾದಾ ಗಾಡಿಗೆ ವೈಪರ್ ಹೆಂಗೈತಿ?”

“ಅದನ್ನ ಒಳಗಿಂದ ಕೈಲೆ ತಿರಗಸಬೇಕ್ರಿ.”

“ಅದನ್ನ ಕೊಡ್ರಿ.”

ಆ ಮಳೆಗಾಲವೆಲ್ಲ ಅವರು ಹಿಂದಿನ ಸೀಟಿಗೆ ಹೋಗಲೇ ಇಲ್ಲ. ನನ್ನ ಪಕ್ಕದಲ್ಲೇ ಕೂತು ವೈಪರಿನ ಹಿಡಿಕೆ ತಿರುಗಿಸಿದರು. ಉದಗಾಂವದ ಒಬ್ಬ ಮುದುಕ ನನಗೆ ಕೈಮುಗಿದು, “ಸಾಹುಕಾರ್ರ, ನಿಮ್ಮ ಕ್ಲೀನರಗ ಭಾಳ ವಯಸ್ಸಾಗೇತಲ್ರಿ” ಅಂದ.