ಜೀಪಿನ ಹೊಸ್ತಿಲು

ನಮ್ಮ ಮನೆಯಲ್ಲಿ ಯಾರೂ ಜೀಪಿನ ಫುಟ್‌ಬೋರ್ಡ್ ತುಳಿಯುತ್ತಿರಲಿಲ್ಲ. ಹತ್ತುವಾಗ ಕಾಲನ್ನು ಎತ್ತರಕ್ಕೆ ಎತ್ತಿ, ಅದನ್ನು ದಾಟಿಸಿ, ಸೀದಾ ಒಳಗೆ ಇಡಬೇಕು. ಇಳಿಯುವಾಗ ಒಳಗಿನಿಂದಲೇ ನೆಲಕ್ಕೆ ಧುಮುಕಬೇಕು. ಇದು ಅಮ್ಮ ಮಾಡಿದ ಕಟ್ಟಳೆ. ಮಂಡಿ ನೋವಿದ್ದ ಅವಳೇ ಸೀರೆಯ ನಿರಿಗೆ ಎತ್ತಿ ಹಿಡಿದು, ಅಣ್ಣನ ಹೆಗಲು ಊರಿ, ಉಸ್ಸೆನ್ನುತ್ತ ದಾಟಿಕೊಂಡು ಹತ್ತುತ್ತಿದ್ದಾಗ ನಾವಿಬ್ಬರು ಏನು ಹೇಳುವ ಹಾಗಿತ್ತು?

ಜೀಪು ಮನೆಗೆ ಬಂದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಯಾರೋ ಎಸ್ಟೇಟಿನವರು ಓಡಿಸಿ ಸಾಕಾಗಿ ಹಾಸನದಲ್ಲಿ ಮಾರಿದ ಪೆಟ್ರೋಲ್ ಗಾಡಿ ಅದು. ಅಪ್ಪ ಹೊಳೆನರಸೀಪುರದ ಒಂದು ದೇವಸ್ಥಾನದಲ್ಲಿ ಅರ್ಚಕರು. ಅಣ್ಣನಿಗೆ ಮಂತ್ರ ಹತ್ತಲಿಲ್ಲ, ಡ್ರೈವಿಂಗ್ ಹತ್ತಿತು. ಗಾಡಿಯನ್ನು ಬಾಡಿಗೆಗೆ ಬಿಡುತ್ತೇನೆ ಎಂದಾಗ ಅಪ್ಪ ಒಂದು ವಾರ ಮಾತು ಬಿಟ್ಟರು. ಅಮ್ಮ ಮಾತ್ರ ಜೀಪಿನ ಸುತ್ತ ಒಂದು ಸುತ್ತು ಬಂದು, "ಇನ್ನು ಮೇಲೆ ಹಗಲೆಲ್ಲ ನೀನು ಇದರಲ್ಲೇ ಕೂತಿರ್ತೀಯ. ಅಂದ್ರೆ ಇದೂ ಒಂದು ಮನೆ ತಾನೆ? ಹೊಸ್ತಿಲು ಎಲ್ಲಿ?" ಎಂದು ಕೇಳಿದಳು.

ಅಣ್ಣ ನಗುತ್ತ ಫುಟ್‌ಬೋರ್ಡ್ ತೋರಿಸಿದ. ತಮಾಷೆಗೆ ತೋರಿಸಿದ್ದು.

ಮಾರನೆಯ ಬೆಳಗಿನಿಂದ ಅಮ್ಮ ಮನೆಯ ಹೊಸ್ತಿಲು ತೊಳೆದ ಮೇಲೆ ಇನ್ನೊಂದು ತಂಬಿಗೆ ನೀರು ತಂದು ಜೀಪಿನ ಎರಡೂ ಫುಟ್‌ಬೋರ್ಡ್ ತೊಳೆಯತೊಡಗಿದಳು. ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಎಳೆ ರಂಗೋಲಿ ಎಳೆಯುವಳು. ಜ್ವರ ಬಂದ ದಿನವೂ ಬಿಡಲಿಲ್ಲ. ಒಮ್ಮೆ ನಾನು, "ಒಂದು ದಿನ ಬಿಟ್ಟರೆ ಏನಾಗುತ್ತಮ್ಮ?" ಎಂದೆ. ಅವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು. "ಏನಾಗುತ್ತೆ ಅಂತ ನೋಡೋಕೆ ಬಿಡಬೇಕಾ?" ಎಂದಳು. ಆ ಧ್ವನಿಯಲ್ಲಿದ್ದದ್ದು ಭಕ್ತಿಗಿಂತ ಹೆಚ್ಚಾಗಿ ಭಯ. ಅಣ್ಣ ಮನೆಯಿಂದ ಹೊರಟ ಕ್ಷಣದಿಂದ ಮರಳುವ ತನಕ ಅವಳ ಕಿವಿ ರಸ್ತೆಯ ಕಡೆಗೇ ಇರುತ್ತಿತ್ತು. ಆ ಭಯ ನನಗೂ ಅಂಟಿತು.

ಇದರ ಜೊತೆಗೆ ನನಗೆ ಬರೆದಿಡುವ ಚಟ. ಜೀಪು ಯಾವ ದಿನ ಎಲ್ಲಿಗೆ ಹೋಯಿತು, ಎಷ್ಟು ಪೆಟ್ರೋಲ್ ಕುಡಿಯಿತು, ನಮ್ಮ ಬೀದಿಗೆ ಕರೆಂಟು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು, ಎಲ್ಲವೂ ಡೈರಿಯಲ್ಲಿ ಇರುತ್ತಿದ್ದವು. ಆಗ ನಾನು ಎರಡನೇ ಪಿಯುಸಿ. ಲೋಡ್ ಶೆಡ್ಡಿಂಗ್ ಕಾಲ. ಕರೆಂಟಿನ ಲೆಕ್ಕ ಇಟ್ಟರೆ ಮಾತ್ರ ಓದಿಕೊಳ್ಳಲು ಸಾಧ್ಯವಿತ್ತು.

ಆ ವರ್ಷ ಕೊಣನೂರಿನ ಸಂತೆಯ ದಿನ ನಡೆದದ್ದನ್ನು ಅಣ್ಣ ಬಂದು ಹೇಳಿದ. ಸಂತೆಯ ದಿನ ಡ್ರೈವರನ ಬಲಗಡೆಗೂ ಒಬ್ಬರನ್ನು ಕೂರಿಸಿಕೊಳ್ಳುವುದು ಎಲ್ಲ ಬಾಡಿಗೆ ಜೀಪಿನವರ ವಾಡಿಕೆ. ದಪ್ಪಗಿದ್ದ ರೈತರೊಬ್ಬರು ಆ ಕಡೆಯಿಂದ ಹತ್ತಲು ಫುಟ್‌ಬೋರ್ಡಿನ ಮೇಲೆ ಕಾಲಿಟ್ಟಿದ್ದೇ ತಡ, ಕಾಲು ತಗಡನ್ನು ತೂರಿಕೊಂಡು ಮೊಣಕಾಲಿನವರೆಗೆ ಕೆಳಗೆ ಹೋಯಿತಂತೆ. ಮೀನಖಂಡ ತರಚಿ ರಕ್ತ. ಪುಣ್ಯಕ್ಕೆ ಗಾಡಿ ನಿಂತಿತ್ತು.

"ಏನ್ ಅಯ್ನೋರೆ, ನಿಮ್ ಗಾಡಿ ಬಾಡ್ಗೆನೂ ಈಸ್ಕತದೆ, ಕಾಲ್ನೂ ಈಸ್ಕತದಲ್ಲಪ್ಪೋ!" ಎಂದು ಅವರು ಕೂಗಿದ್ದಕ್ಕೆ ಸಂತೆಯೆಲ್ಲ ನಕ್ಕಿತಂತೆ. ಅಣ್ಣನೂ ನಗುತ್ತಲೇ ಹೇಳಿದ. ಅವರಿಗೆ ಇಂಜೆಕ್ಷನ್ ಕೊಡಿಸಿ ಮನೆಯವರೆಗೆ ಬಿಟ್ಟುಬಂದಿದ್ದ.

ನನಗೆ ನಗು ಬರಲಿಲ್ಲ. ಗಾಡಿ ಓಡುತ್ತಿದ್ದರೆ? ಅಮ್ಮನ ಕಟ್ಟಳೆ ಬಾಡಿಗೆಯವರಿಗೆ ಇರಲಿಲ್ಲ; ಎಡಗಡೆ ನಿತ್ಯ ಇಬ್ಬರೋ ಮೂವರೋ ಫುಟ್‌ಬೋರ್ಡಿನ ಮೇಲೆ ನಿಂತೇ ಅರಕಲಗೂಡಿಗೆ ಹೋಗುತ್ತಿದ್ದರು. ಹೊರಗೆ ಹೋಗಿ ಮೊದಲ ಬಾರಿಗೆ ಬಗ್ಗಿ ನೋಡಿದೆ. ಮೇಲೆ ಅರಿಶಿನ, ರಂಗೋಲಿ, ಚೊಕ್ಕಟ. ಕೆಳಗೆ ಕೈ ಹಾಕಿದರೆ ತಗಡು ಹಪ್ಪಳದ ಹಾಗೆ ಮುರಿದು ಬಂತು. ನಾವು ಯಾರೂ ಅದರ ಮೇಲೆ ಕಾಲಿಟ್ಟವರಲ್ಲ. ಗೊತ್ತಾಗುವುದು ಹೇಗೆ?

ಅಣ್ಣ ಸೋಮವಾರಕ್ಕೆ ಒಂದು ಬಾಡಿಗೆ ಒಪ್ಪಿದ್ದ. ಅರಕಲಗೂಡಿನ ಒಂದು ಮನೆಯ ವಯಸ್ಸಾದವರನ್ನೆಲ್ಲ ದಂಡಿಗನಹಳ್ಳಿಯ ಮದುವೆಗೆ ಕರೆದುಕೊಂಡು ಹೋಗಬೇಕು. ಫುಟ್‌ಬೋರ್ಡ್ ಇಲ್ಲದೆ ಅವರು ಹತ್ತುವುದಿಲ್ಲ. ಹಾಗಾಗಿ ಭಾನುವಾರ ಬೆಳಗ್ಗೆಯೇ ಹಾಸನ ರಸ್ತೆಯ ವೆಲ್ಡಿಂಗ್ ಶೆಡ್ಡಿಗೆ ಹೊರಟ. ಲೆಕ್ಕ ಬರೆಯುವವಳು ಎಂದು ನನ್ನನ್ನೂ ಕೂರಿಸಿಕೊಂಡ.

ಎಡಗಡೆಯ ಕೆಲಸ ಸಲೀಸಾಗಿ ಆಯಿತು. ವೆಲ್ಡರ್ ಕೊಳೆತ ತಗಡನ್ನು ಚಾಣದಿಂದ ಕಿತ್ತು ಹಾಕಿ, ಹೊಸ ಶೀಟು ಇಟ್ಟ. ಅಣ್ಣ ಗಾಡಿಯ ಅಡಿ ಅಂಗಾತ ಮಲಗಿ ಕೆಳಗಿನ ಬ್ರಾಕೆಟ್ಟನ್ನು ಎತ್ತಿ ಹಿಡಿದುಕೊಂಡ. ವೆಲ್ಡರ್ ಮೇಲಿನಿಂದ ಬೆಸುಗೆ ಹಾಕಿದ. ಒಗ್ಗರಣೆಯ ಸಾಸಿವೆಯ ಹಾಗೆ ಸಿಡಿದ ಕಿಡಿಗಳು ಗಾಡಿಯ ಅಡಿ ಉರುಳುತ್ತ ಆ ಕಡೆಯವರೆಗೂ ಹೋಗುತ್ತಿದ್ದವು. ಕೊನೆಯ ಬೆಸುಗೆ ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು.

"ಇನ್ನು ಕರೆಂಟು ಮದ್ಯಾನ ಎರ್ಡ್ ಗಂಟೆ ಮೇಲೇಯ," ಎಂದ ವೆಲ್ಡರ್. ನನ್ನ ಲೆಕ್ಕವೂ ಅದನ್ನೇ ಹೇಳುತ್ತಿತ್ತು.

ಬಲಗಡೆ ಉಳಿಯಿತು. ಆ ಜೀಪಿನಲ್ಲಿ ಪೆಟ್ರೋಲ್ ಟ್ಯಾಂಕು ಇರುವುದು ಡ್ರೈವರ್ ಸೀಟಿನ ಅಡಿಯಲ್ಲಿ, ಅಂದರೆ ಬಲಗಡೆಯ ಫುಟ್‌ಬೋರ್ಡಿಗೆ ತಾಗಿದ ಹಾಗೆ. ಬೆಸುಗೆ ಬೀಳಬೇಕಾದ ಜಾಗಕ್ಕೂ ಟ್ಯಾಂಕಿಗೂ ನಡುವೆ ನನ್ನ ನಾಲ್ಕು ಬೆರಳು ಹಿಡಿಯುವಷ್ಟು ಸಂದು. ಟ್ಯಾಂಕು ಬಿಚ್ಚಲು ನೋಡಿದರು. ಅದರ ಬೋಲ್ಟುಗಳೂ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಸ್ಪ್ಯಾನರ್ ಜಾರಿ ಅಣ್ಣನ ಬೆರಳ ಗೆಣ್ಣಿನ ಚರ್ಮ ಕಿತ್ತುಹೋಯಿತು. ಸಿಟ್ಟಿನಿಂದ ಅವನು ಪೈಪ್ ಹಾಕಿ ಪೆಟ್ರೋಲನ್ನೆಲ್ಲ ಕ್ಯಾನಿಗೆ ಇಳಿಸಿ, ಕ್ಯಾನನ್ನು ದೂರ ಇಟ್ಟುಬಂದ.

"ಈಗ ಸರಿ. ಖಾಲಿ ಟ್ಯಾಂಕು ಏನು ಮಾಡುತ್ತೆ?"

"ವಾಸನೆ ಇನ್ನೂ ಬರ್ತಿದೆ ಅಣ್ಣ," ಎಂದೆ. "ನಮ್ಮ ಕೆಮಿಸ್ಟ್ರಿ ಲೆಕ್ಚರರ್ ಹೇಳಿದ್ರು, ಪೆಟ್ರೋಲಿಗಿಂತ ಅದರ ಆವಿಗೇ ಬೇಗ ಬೆಂಕಿ ಹತ್ತೋದು ಅಂತ."

"ಹಾಗಾದ್ರೆ ನಿಮ್ಮ ಲೆಕ್ಚರರನ್ನೇ ಕರಿ, ಬಂದು ಫುಟ್‌ಬೋರ್ಡ್ ಹಾಕಿಕೊಡಲಿ."

ವೆಲ್ಡರ್ ನಕ್ಕ. ಬಲಗಡೆಯ ತುಕ್ಕು ಕೆರೆಯುತ್ತ ಕೂತಿದ್ದವನು ಬೆರಳಿಗೆ ಹತ್ತಿದ ಹಳದಿ ಪುಡಿಯನ್ನು ಮೂಸಿ ನೋಡಿದ. "ಇದೇನ್ ಅಯ್ನೋರೆ, ತುಕ್ಕಿನ್ ಒಳ್ಗೆ ಅರ್ಶ್ಣ ಅದೆ?"

"ನಮ್ಮಮ್ಮ ದಿನಾ ನೀರು ಹಾಕಿ ಪೂಜೆ ಮಾಡ್ತಾರೆ."

"ಅಂಗನ್ನಿ! ಇದು ತಾನಾಗ್ ಹಿಡ್ದ ತುಕ್ಕಲ್ಲ ಕಣಪ್ಪ. ನೀವು ನೀರಾಕಿ ಬೆಳ್ಸಿರೋದು."

ಇಬ್ಬರೂ ಜೋರಾಗಿ ನಕ್ಕರು. ನಾನು ತಿರುಗಿ ನೋಡಿದರೆ ಅಮ್ಮ ಊಟದ ಕ್ಯಾರಿಯರ್ ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಿದ್ದಳೋ. ಮುಖದಲ್ಲಿ ರಕ್ತವೇ ಇರಲಿಲ್ಲ. ಮಗನಿಗೆ ಏನೂ ಆಗದಿರಲಿ ಎಂದು ಹಾಕಿದ ನೀರು. ಅದೇ ನೀರಿನಿಂದ ಒಬ್ಬರ ಕಾಲು ಹೋಗುವುದರಲ್ಲಿತ್ತು. ಅವಳು ಒಳಗೆ ಬಂದು, ಅಣ್ಣನಿಗೆ ಬಡಿಸಿ, ಅಲ್ಲೇ ಒಂದು ಮರದ ಪೆಟ್ಟಿಗೆಯ ಮೇಲೆ ಕೂತಳು. ಮನೆಗೆ ಹೋಗು ಎಂದರೂ ಹೋಗಲಿಲ್ಲ.

ಕಾಯುವುದು ಶುರುವಾಯಿತು. ಶೆಡ್ಡಿನ ಪಕ್ಕದಲ್ಲೇ ಹಿಟ್ಟಿನ ಗಿರಣಿ. ಕರೆಂಟು ಬಂದದ್ದು ಅಲ್ಲಿಂದಲೇ ತಿಳಿಯುತ್ತಿತ್ತು. ಗಿರಣಿಯ ಮುಂದೆ ರಾಗಿ ಡಬ್ಬ ಇಟ್ಟುಕೊಂಡು ಕೂತವರು, ವೆಲ್ಡರ್, ಅಣ್ಣ, ಎಲ್ಲರೂ ಕರೆಂಟು ಬರಲಿ ಎಂದು ಕಾಯುತ್ತಿದ್ದರು. ಬರದೇ ಇರಲಿ ಎಂದು ಬೇಡಿಕೊಂಡವಳು ನಾನೊಬ್ಬಳೇ. ಕರೆಂಟು ಬಂದರೆ ಅಣ್ಣ ಮತ್ತೆ ಅಂಗಾತ ಮಲಗುತ್ತಾನೆ. ಈ ಸಲ ಅವನ ತಲೆ ಟ್ಯಾಂಕಿನ ನೇರ ಕೆಳಗೆ ಬರುತ್ತದೆ. ಅವನು ಮಲಗಬೇಕಾದ ಜಾಗದಲ್ಲಿ ಆಗಲೇ ಒಂದು ಗೋಣಿಚೀಲ ಹಾಸಿದ್ದರು. ಅದನ್ನು ನೋಡಬಾರದು ಎಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ವಾಸನೆ ಒಮ್ಮೆ ಕಡಿಮೆಯಾದಂತೆ, ಮರುಗಳಿಗೆ ಗಂಟಲೊಳಗೇ ಕೂತಂತೆ ಅನಿಸುತ್ತಿತ್ತು. ನನಗೆ ನಿಜವಾಗಿ ವಾಸನೆ ಬರುತ್ತಿದೆಯೋ, ಬರೀ ಹೆದರಿಕೆಯೋ ಗೊತ್ತಾಗಲಿಲ್ಲ. ಇನ್ನೊಂದು ಸಲ ಹೇಳಿದರೆ ಅಣ್ಣ ಎಲ್ಲರ ಎದುರು ಬೈಯುತ್ತಾನೆಂದು ಬಾಯಿ ಮುಚ್ಚಿಕೊಂಡಿದ್ದೆ.

ಆಗ ವೆಲ್ಡರ್ ಎದ್ದ. ಶೆಡ್ಡಿನೊಳಗೆ ನೆರಳಿನಲ್ಲಿ ನಿಲ್ಲಿಸಿದ್ದ ತನ್ನ ಮೊಪೆಡ್ಡನ್ನು ತಳ್ಳಿಕೊಂಡು ಹೋಗಿ, ರಸ್ತೆ ದಾಟಿಸಿ, ಆಚೆ ಬದಿಯ ಬಿಸಿಲಲ್ಲಿ ನಿಲ್ಲಿಸಿದ. ವಾಪಸು ಬಂದು ಗೂಟಕ್ಕೆ ತಗುಲಿಹಾಕಿದ್ದ ಒಳ್ಳೆಯ ಶರಟನ್ನೂ ತೆಗೆದುಕೊಂಡು ಹೋಗಿ ಅದರ ಸೀಟಿನ ಮೇಲೆ ಇಟ್ಟ. ಆಮೇಲೆ ಏನೂ ಆಗದವನ ಹಾಗೆ ಬೀಡಿ ಹಚ್ಚಲು ರಸ್ತೆಯ ತುದಿಯವರೆಗೆ ನಡೆದ.

ಅಮ್ಮನ ಹತ್ತಿರ ಹೋಗಿ ಕೂತೆ. "ಅಮ್ಮ, ಅವರಿಗೂ ಭಯ ಇದೆ," ಎಂದು ಪಿಸುಗುಟ್ಟಿದೆ. ಟ್ಯಾಂಕು ಎಲ್ಲಿದೆ, ಅಣ್ಣ ಎಲ್ಲಿ ಮಲಗುತ್ತಾನೆ, ಮೊಪೆಡ್ ಎಲ್ಲಿಗೆ ಹೋಯಿತು, ಮೂರನ್ನೂ ಹೇಳಿದೆ. ಅವಳು ರಸ್ತೆಯಾಚೆ ನೋಡಿದಳು.

ಗಿರಣಿಯ ಬೆಲ್ಟು ಪಟಪಟ ಎಂದು ತಿರುಗಿತು. ಎರಡಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಮೊದಲೇ ಬಂದುಬಿಟ್ಟಿತ್ತು.

"ಬನ್ನಿ ಬನ್ನಿ ಅಯ್ನೋರೆ, ಬಿರ್ನೆ!" ವೆಲ್ಡರ್ ಓಡಿ ಬಂದ. ಅಣ್ಣ ಗೋಣಿಚೀಲದ ಮೇಲೆ ಮಲಗಿ ಗಾಡಿಯ ಅಡಿಗೆ ಜಾರಿದ. ಸೊಂಟದಿಂದ ಕೆಳಗೆ ಮಾತ್ರ ಕಾಣುತ್ತಿದ್ದ. ವೆಲ್ಡರನ ಒಂದು ಕೈಯಲ್ಲಿ ಕಪ್ಪು ಗಾಜು, ಇನ್ನೊಂದು ಕೈಯಲ್ಲಿ ರಾಡು. ನನಗೆ ಕೂಗಬೇಕು ಅನಿಸಿತು.

ಅಮ್ಮ ಎದ್ದು ಹೋದಳು. ಚಪ್ಪಲಿ ಬಿಟ್ಟಳು. ಜೀಪಿನ ಗಾಜಿನ ಚೌಕಟ್ಟನ್ನು ಹಿಡಿದು, ಬಲಗಡೆಯ ಫುಟ್‌ಬೋರ್ಡಿನಲ್ಲಿ ಇನ್ನೂ ಉಳಿದಿದ್ದ ಮುಂಭಾಗದ ತಗಡಿನ ಮೇಲೆ ಒಂದು ಕಾಲಿಟ್ಟಳು. ಆಮೇಲೆ ಇನ್ನೊಂದು. ತಗಡು ಕಿರ್ರೆಂದು ಬಾಗಿತು. ತುಕ್ಕಿನ ಪುಡಿ ಕೆಳಗೆ ಉದುರಿತು.

"ಏಯ್, ಯಾರದು? ಮುಖದ ಮೇಲೆಲ್ಲ ಬಿತ್ತು!" ಎಂದು ಕೆಳಗಿನಿಂದ ಅಣ್ಣ ಕೂಗಿದ. ತೂತಿನಿಂದ ಅವನಿಗೆ ಕಾಲುಂಗುರ ಕಂಡಿರಬೇಕು. "ಅಮ್ಮ? ಹೊಸ್ತಿಲ ಮೇಲೆ ನಿಂತಿದೀಯಾ?"

"ನಿಂತಿದೀನಿ. ನೀನು ಆಚೆ ಬರೋ ತನಕ ನಿಂತಿರ್ತೀನಿ."

"ಇಳಿಯಮ್ಮ, ಮುರಿದುಬಿದ್ದೀಯ!"

"ಬಿದ್ರೆ ನಿನ್ನ ಮೇಲೇ ಬೀಳ್ತೀನಿ. ಬಾ ಆಚೆ."

ವೆಲ್ಡರಿಗೆ ಏನು ಮಾಡಬೇಕೆಂದು ತೋಚಲಿಲ್ಲ. "ಅಮ್ಮೋರೆ, ಇಳೀರಿ. ಕರೆಂಟ್ ಓಗ್ಬುಟ್ರೆ ರಾತ್ರಿ ತಂಕ ಇಲ್ಲ."

"ಹೋಗಲಿ ಬಿಡಿ. ನಿಮ್ಮ ಗಾಡಿ ಯಾಕಪ್ಪ ರಸ್ತೆ ಆಚೆ ನಿಲ್ಲಿಸಿದ್ದು?"

"ನೆಳ್ಳಿಗೆ ಕಣಮ್ಮ."

ಎಲ್ಲರೂ ಆ ಕಡೆ ನೋಡಿದೆವು. ಮೊಪೆಡ್ ಸುಡುವ ಬಿಸಿಲಲ್ಲಿ ನಿಂತಿತ್ತು. ವೆಲ್ಡರ್ ರಾಡನ್ನು ಕೆಳಗಿಟ್ಟು ತಲೆ ಕೆರೆದುಕೊಂಡ. "ನಂಗೂ ಎಂಡ್ತಿ ಮಕ್ಳು ಅವ್ರೆ ಅಮ್ಮೋರೆ," ಎಂದ, ಮೆಲ್ಲಗೆ.

"ನನಗೂ ಒಬ್ಬ ಮಗ ಇದಾನೆ."

ಅಣ್ಣ ಆಚೆ ಬಂದ. ಮುಖದ ತುಂಬ ಕೆಂಪು ಪುಡಿ. ಸಿಟ್ಟಿಗೆ ಅಮ್ಮನ ಮುಖವನ್ನೂ ನೋಡಲಿಲ್ಲ. ನಾನು ಅಮ್ಮನನ್ನು ಕೈ ಹಿಡಿದು ಇಳಿಸಿದೆ. ಅವಳ ಅಂಗೈ ಒದ್ದೆಯಾಗಿತ್ತು.

ಬೆಸುಗೆ ಆಗಲಿಲ್ಲ. ಕೈಯಿಂದ ತಿರುಗಿಸುವ ಡ್ರಿಲ್ಲಿನಲ್ಲಿ ಅಣ್ಣನೂ ವೆಲ್ಡರೂ ಸರದಿಯ ಮೇಲೆ ತೂತು ಕೊರೆದು, ಹೊಸ ಶೀಟನ್ನು ನಟ್ಟು ಬೋಲ್ಟು ಹಾಕಿ ಬಿಗಿದರು. ದೀಪ ಹಚ್ಚುವ ಹೊತ್ತಾಯಿತು. ಮನೆಗೆ ಬಂದ ಮೇಲೆ ಅಮ್ಮ ಹೊಸ್ತಿಲು ತುಳಿದದ್ದನ್ನು ಅಪ್ಪನಿಗೆ ಹೇಳಿ, ಏನಾದರೂ ಶಾಂತಿ ಮಾಡಿಸಬೇಕೇ ಎಂದು ಕೇಳಿದಳು. ಅಪ್ಪ ಪಂಚಾಂಗದಿಂದ ತಲೆ ಎತ್ತದೆ, "ತುಪ್ಪದ ದೀಪ ಹಚ್ಚು, ಸಾಕು," ಎಂದರು.

ಸೋಮವಾರ ಬೆಳಗ್ಗೆ ಅಮ್ಮ ಜೀಪಿಗೆ ನೀರು ಹಾಕಲಿಲ್ಲ. ಒಣಬಟ್ಟೆಯಲ್ಲಿ ಒರೆಸಿ ಒಂದು ಹೂ ಇಟ್ಟಳು, ಅಷ್ಟೆ. ಅಣ್ಣ ಹೋದ ಮೇಲೆ ಹೊಸದೊಂದು ಭಯ ಹುಟ್ಟಿತು. ಬೆಸುಗೆಯಿಲ್ಲದ ಬೋಲ್ಟು ತಡೆಯುತ್ತದೆಯೇ? ಆ ಮುದುಕರಲ್ಲಿ ಯಾರಾದರೂ ಹತ್ತುವಾಗ ಕಳಚಿಕೊಂಡರೆ? ನಾನು ಕಾಲೇಜಿಗೆ ಹೋಗಲಿಲ್ಲ. ಅಮ್ಮನೂ ನಾನೂ ಒಂದೇ ಕಿವಿಯಿಂದ ರಸ್ತೆ ಕೇಳುತ್ತ ಕೂತೆವು. ಅವನು ಸಂಜೆ ಮದುವೆಯ ತಾಂಬೂಲದ ಚೀಲ ಹಿಡಿದು ಬಂದ. ಚೀಲವನ್ನು ಅಮ್ಮನ ಮಡಿಲಿಗೆ ಹಾಕಿ, "ಬೋಲ್ಟು ಗಟ್ಟಿಯಾಗಿದೆ," ಎಂದಷ್ಟೇ ಹೇಳಿ ಸ್ನಾನಕ್ಕೆ ಹೋದ.

ಒಂದೆರಡು ವರ್ಷದ ನಂತರ ಅದೇ ವೆಲ್ಡರ್ ಚನ್ನರಾಯಪಟ್ಟಣದ ಯಾರದೋ ಪೆಟ್ರೋಲ್ ಜೀಪಿಗೆ ಟ್ಯಾಂಕು ಬಿಚ್ಚದೆಯೇ ಬೆಸುಗೆ ಹಾಕಿದನಂತೆ. ಏನೂ ಆಗಲಿಲ್ಲವಂತೆ. ಅದನ್ನು ಹೇಳಲೆಂದೇ ಅಣ್ಣ ಊಟದ ಹೊತ್ತಿಗೆ ಮನೆಗೆ ಬಂದ. "ಕೇಳಿಸ್ಕೊಂಡ್ಯಾ ಪುಟ್ಟಿ? ಏನೂ ಆಗಲಿಲ್ಲ. ನೀನೂ ಅಮ್ಮನೂ ಸೇರಿ ನನ್ನ ಒಂದು ದಿನ ಹಾಳು ಮಾಡಿದ್ರಿ."

ಜೀಪು ಮಾರಿ ಎಷ್ಟೋ ಕಾಲವಾಗಿದೆ. ಅವನಿಗೀಗ ಇಬ್ಬರು ಮಕ್ಕಳು. ಹಬ್ಬಕ್ಕೆ ಎಲ್ಲರೂ ಸೇರಿದಾಗ ಈಗಲೂ ಅದನ್ನೇ ಎತ್ತಿ ಆಡಿಕೊಂಡು ನಗುತ್ತಾನೆ, ಅಮ್ಮನ ನಿಲುವನ್ನು ಎದ್ದು ನಿಂತು ಅಭಿನಯಿಸುತ್ತಾನೆ. ಆವತ್ತು ಏನಾಗುತ್ತಿತ್ತೋ ನನಗೂ ಗೊತ್ತಿಲ್ಲ. ಬಹುಶಃ ಏನೂ ಆಗುತ್ತಿರಲಿಲ್ಲ. ನಾನು ವಾದಕ್ಕೆ ಹೋಗುವುದಿಲ್ಲ. ಅಮ್ಮನೂ ಹೋಗುವುದಿಲ್ಲ. ಅವನು ನಗುವುದನ್ನು ನೋಡುತ್ತ ಅವನ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸುತ್ತಾಳೆ.